ಮುಂದೆ ನೋಡುವವನು

ಕೊಳದ ಗೇಟಿನಲ್ಲಿ ಟಿಕೆಟ್ ಹರಿದು ಕೊಡುವ ಮುದುಕ ಆ ದಿನ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಇವತ್ತು ಬಿಟ್ರೆ ಇನ್ನು ಮುಂದಿನ ಬೇಸಿಗೆಗೇ. ಈಜೋರು ಈಜ್ಬಿಡಿ, ಮುಳುಗೋರು ಮುಳುಗ್ಬಿಡಿ, ಐದು ಗಂಟೆಗೆ ಬೀಗ."

ಜನ ನಗುತ್ತ ಒಳಗೆ ಹೋಗುತ್ತಿದ್ದರು. ಬಸ್ ಡ್ರೈವರನೂ ನಕ್ಕ. ನಗು ಮುಗಿದ ಮೇಲೂ ಅದು ಅವನ ಮುಖದ ಮೇಲೆ ಹಾಗೇ ಉಳಿದುಬಿಟ್ಟಿತು. ತೆಗೆದಿಡಲು ಜಾಗ ಕಾಣದವನಂತೆ ಅವನು ಅದನ್ನು ಹೊತ್ತುಕೊಂಡೇ ಹುಲ್ಲುಹಾಸಿನವರೆಗೆ ನಡೆದ. ಮುಂದೆ ಅವನ ಏಳು ವರ್ಷದ ಮಗಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಹುಟ್ಟಿದಾಗ ಕಪ್ಪಗೆ, ಗುಂಡಗೆ, ಮುಟ್ಟಿದರೆ ಚುರುಗುಟ್ಟುವಂತೆ ಅಳುತ್ತಿದ್ದವಳಿಗೆ ಮನೆಯಲ್ಲಿ ಮೆಣಸು ಅಂತಲೇ ಹೆಸರು. ಹಿಂದೆ ಹೆಂಡತಿ, ಅವಳ ಸೊಂಟದ ಮೇಲೆ ಎರಡು ವರ್ಷದ ಸಣ್ಣವಳು. ಎಲ್ಲರಿಗಿಂತ ಹಿಂದೆ ಚಾಪೆ, ಛತ್ರಿ, ಊಟದ ಬುಟ್ಟಿ ಹೊತ್ತ ಭಾವಮೈದುನ, ಏದುಸಿರು ಬಿಡುತ್ತ.

ಬೇಸಿಗೆ ಮುಗಿಯುತ್ತ ಬಂದಿತ್ತು. ಹುಲ್ಲು ಹಳದಿಯಾಗಿ ಅಲ್ಲಲ್ಲಿ ಬೋಳು ಬಿದ್ದಿತ್ತು. ಬಿಸಿಲೇನೋ ಇತ್ತು, ಆದರೆ ಮರದ ನೆರಳಿಗೆ ಹೋದರೆ ತೋಳಿನ ಕೂದಲು ನಿಲ್ಲುತ್ತಿತ್ತು. ಕಸದ ಡಬ್ಬಿಗಳ ಸುತ್ತ ಕಣಜಗಳು ಗುಂಯ್ ಎನ್ನುತ್ತಿದ್ದವು. ಮೂರು ಕೊಳಗಳಿದ್ದವು. ಮೊಣಕಾಲಿಗೂ ಬಾರದ ಮಕ್ಕಳ ಕೊಳ, ಅದರಾಚೆ ನಡುಕೊಳ, ಬೇಲಿಯಾಚೆ ಹಲಗೆಗಳಿಂದ ಹಾರುವವರ ಆಳದ ಕೊಳ. ನಡುಕೊಳದ ಬಳಿ ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರಗಳಲ್ಲಿ ಬರೆದಿತ್ತು: ಎಂಟು ವರ್ಷದೊಳಗಿನ ಮಕ್ಕಳು ಇಳಿಯಬೇಕಾದರೆ ಈಜು ಬಲ್ಲ ದೊಡ್ಡವರೊಬ್ಬರು ಜೊತೆಯಲ್ಲಿ ನೀರಿನಲ್ಲಿರತಕ್ಕದ್ದು.

ಆ ಬೋರ್ಡನ್ನು ಡ್ರೈವರ್ ಎರಡು ಸಲ ಓದಿದ. ಮನೆಯವರಲ್ಲಿ ಈಜು ಬಲ್ಲ ದೊಡ್ಡವನು ಅವನೊಬ್ಬನೇ.

ಮೂರು ವಾರದಿಂದ ಅವನು ಒಂದು ವಿಷಯವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಮೊದಲ ಸಲ ಆದದ್ದು ಕನ್ನಡಿಯ ಮುಂದೆ. ಗಡ್ಡ ಹೆರೆದುಕೊಳ್ಳುತ್ತಿದ್ದ. ಎಡಗೆನ್ನೆ ಮುಗಿಸಿ ಬ್ಲೇಡನ್ನು ಗದ್ದಕ್ಕೆ ತಂದದ್ದು ನೆನಪಿದೆ. ಮರುಗಳಿಗೆ ನೋಡಿದರೆ ನಲ್ಲಿಯ ಕೆಳಗಿಟ್ಟ ಲೋಟ ತುಂಬಿ ಉಕ್ಕಿ ಹರಿಯುತ್ತಿತ್ತು. ಈಗಷ್ಟೇ ಇಟ್ಟ ಲೋಟ. ನಿದ್ದೆಗೆಟ್ಟದ್ದಕ್ಕೆ ಹೀಗೆ ಅಂದುಕೊಂಡ. ಎರಡನೆಯದು ಸಿಗ್ನಲ್ಲಿನಲ್ಲಿ. ಕೆಂಪು ದೀಪವನ್ನೇ ನೋಡುತ್ತಿದ್ದ, ಅದು ಹಸಿರಾದದ್ದನ್ನು ಅವನು ನೋಡಲಿಲ್ಲ. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು. ಮೂರನೆಯದು ಓಡುವ ಬಸ್ಸಿನಲ್ಲಿ. ಹಾಗೆಂದು ಆಣೆ ಮಾಡಿ ಹೇಳಲಾರ, ಯಾಕೆಂದರೆ ಅದು ಆದಾಗ ಅವನು ಅಲ್ಲಿರಲಿಲ್ಲ. ನಿಲ್ಲಿಸಬೇಕಾದ ನಿಲ್ದಾಣವೊಂದು ಹಿಂದಕ್ಕೆ ಹೋಗಿತ್ತು, ಇಳಿಯುವವರು ಬಾಗಿಲು ಬಡಿದು ಬೈಯುತ್ತಿದ್ದರು. ಕಂಡಕ್ಟರ್ ಬಂದು, "ಏನಣ್ಣಾ, ಮನೇಲಿ ಜಗಳನಾ?" ಅಂದ. "ಹೂಂ ಮಾರಾಯ," ಅಂದ ಡ್ರೈವರ್. ಸುಳ್ಳು ಅಷ್ಟು ಸಲೀಸಾಗಿ ಬಂತು.

ಊರಿನ ಇನ್ನೊಂದು ತುದಿಯಲ್ಲಿ, ಪರಿಚಯದವರು ಯಾರೂ ಹೋಗದ ಒಬ್ಬ ಡಾಕ್ಟರ ಬಳಿ ಹೋದ. ಕೆಲಸ ಏನು ಅಂತ ಕೇಳಿದಾಗ ಉಗ್ರಾಣದ ಗುಮಾಸ್ತ ಎಂದ. ಡಾಕ್ಟರು ಅವನ ಕಣ್ಣಿಗೆ ಟಾರ್ಚು ಬಿಟ್ಟು, ಬೆರಳಿನಿಂದ ಮೂಗು ಮುಟ್ಟಿಸಿ, ತಲೆಯ ಪರೀಕ್ಷೆಗಳಿಗೆ ಚೀಟಿ ಬರೆದರು. "ಕೆಲವು ಸೆಕೆಂಡು ಮೆದುಳು ಬಾಗಿಲು ಹಾಕ್ಕೊಳ್ಳುತ್ತೆ. ಕಣ್ಣು ತೆರೆದೇ ಇರುತ್ತೆ. ಪರೀಕ್ಷೆ ಆಗೋವರೆಗೂ ನೀರಿಗೆ ಇಳೀಬೇಡಿ, ಏಣಿ ಹತ್ಬೇಡಿ, ಗಾಡಿ ಮುಟ್ಟಲೇಬೇಡಿ. ಸದ್ಯ, ನೀವು ಗುಮಾಸ್ತರು. ಡ್ರೈವರ್ ಗಿವರ್ ಆಗಿದ್ರೆ ಇವತ್ತೇ ಕೆಳಗಿಳಿಸ್ಬೇಕಾಗ್ತಿತ್ತು."

ಅದಾಗಿ ಹನ್ನೊಂದು ದಿನ. ನಿನ್ನೆಯವರೆಗೂ ಅವನು ಬಸ್ ಓಡಿಸುತ್ತಲೇ ಇದ್ದ. ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅವನಿಗೆ ಬೆಳಗ್ಗೆ ಎದ್ದರೆ ಹೋಗಲು ಇದ್ದದ್ದು ಆ ಸೀಟು ಒಂದೇ. ಅದರಿಂದ ಇಳಿದವರನ್ನು ಅವನು ನೋಡಿದ್ದ: ಕಣ್ಣು ಮಂಜಾದವರು, ಸೊಂಟ ಹೋದವರು. ಡಿಪೋದ ತೊಳೆಯುವ ಅಂಗಳದಲ್ಲಿ ಪೈಪು ಹಿಡಿದು ನಿಂತು, ಒಳಗೆ ಬರುವ ಬಸ್ಸುಗಳನ್ನು ಕತ್ತೆತ್ತಿ ನೋಡುವವರು. ಅವರ ಪಕ್ಕದಲ್ಲಿ ಬಸ್ ನಿಲ್ಲಿಸಿದಾಗ ಇವನು ತಮಾಷೆ ಮಾಡಿ ನಗಿಸುತ್ತಿದ್ದ, ಆದರೆ ಇಂಜಿನ್ ಆರಿಸುತ್ತಿರಲಿಲ್ಲ.

ಓಡಿಸುವಾಗಲೆಲ್ಲ ತನ್ನನ್ನು ತಾನೇ ಕಾವಲು ಕಾಯುತ್ತಿದ್ದ. ದಾರಿಯ ಇಪ್ಪತ್ತೆರಡು ನಿಲ್ದಾಣಗಳನ್ನೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದ. ಹಾಲಿನ ಡೈರಿ, ಹಳೇ ಅಂಚೆ ಕಚೇರಿ, ಹೆಣ್ಣುಮಕ್ಕಳ ಶಾಲೆ, ಸೇತುವೆ ಈಕಡೆ, ಸೇತುವೆ ಆಕಡೆ. ಒಂದು ತಪ್ಪಿದರೂ ಗೊತ್ತಾಗುತ್ತದೆ ಅಂತ. ತಪ್ಪಿದ ಮೇಲೆ ಗೊತ್ತಾಗಿ ಏನು ಪ್ರಯೋಜನ ಎಂಬ ಯೋಚನೆ ಬಂದಾಗ ಇನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ನಾಳೆ ಬೆಳಗ್ಗೆ ಐದೂ ಕಾಲಿಗೆ ಅವನದೇ ಮೊದಲ ಗಾಡಿ.

ಹೆಂಡತಿಗೆ ಹೇಳಿರಲಿಲ್ಲ. ಅವಳಿಗೆ ಹೇಳದೆ ಇರುವುದು ಬೇರೆಯವರಿಗೆ ಹೇಳದೆ ಇರುವಂಥದ್ದಲ್ಲ. ಅವಳು ಕಂಡಕ್ಟರ್. ಮದುವೆಗೆ ಮುಂಚೆ ಆರು ವರ್ಷ ಅವನದೇ ಬಸ್ಸಿನಲ್ಲಿದ್ದಳು. ಮದುವೆಯಾದ ಮೇಲೆ, ಗಂಡ ಹೆಂಡತಿ ಒಂದೇ ಗಾಡಿಯಲ್ಲಿ ಇರಕೂಡದು ಅಂತ ಕಚೇರಿಯವರು ಅವಳನ್ನು ಬೇರೆ ದಾರಿಗೆ ಹಾಕಿದರು. ಆದರೆ ಬಸ್ಸಿನ ಅಭ್ಯಾಸ ಮನೆಗೂ ಬಂದಿತ್ತು. ಮುಂದಿನದು ಡ್ರೈವರಿಗೆ, ಹಿಂದಿನದು ಕಂಡಕ್ಟರಿಗೆ. ಅವನು ಕನ್ನಡಿಯಲ್ಲಿ ಹಿಂದಕ್ಕೆ ಇಣುಕಿ ಬಾಗಿಲಲ್ಲಿ ಯಾರಿದ್ದಾರೆ ಅಂತ ನೋಡಿದರೆ ಅವಳಿಗೆ ರೇಗುತ್ತಿತ್ತು: "ನನ್ನ ಕಡೆ ನಾನು ನೋಡ್ಕೋತೀನಿ, ನಿನ್ನ ಕಡೆ ನೀನು ನೋಡು." ಅವಳೂ ಅಷ್ಟೇ, ಬಸ್ಸು ಎಷ್ಟು ಜೋರಾಗಿ ಬ್ರೇಕ್ ಹಾಕಿದರೂ ಮುಂದಿನ ಗಾಜಿನತ್ತ ತಿರುಗಿದವಳಲ್ಲ. ಮನೆಯಲ್ಲೂ ಬೀದಿ ಬಾಗಿಲಿನ ಬೀಗ ಅವನದು, ಹಿತ್ತಿಲಿನದು ಅವಳದು. ಮಕ್ಕಳನ್ನು ಕರೆದುಕೊಂಡು ರಸ್ತೆ ದಾಟುವಾಗ ದೊಡ್ಡವಳು ಅವನ ಕೈಗೆ, ಸಣ್ಣವಳು ಅವಳ ಕೈಗೆ. ಒಬ್ಬರ ಪಾಲನ್ನು ಇನ್ನೊಬ್ಬರು ತಿರುಗಿ ನೋಡುವುದು ಅವಮಾನ ಮಾಡಿದ ಹಾಗೆ.

ಚಾಪೆ ಹಾಸಿ ಬುಟ್ಟಿ ಬಿಚ್ಚುವಷ್ಟರಲ್ಲಿ ಮೆಣಸು ಈಜುಡುಪಿನಲ್ಲಿ ಬಂದು ನಿಂತಳು.

"ಅಪ್ಪಾ, ನಡಿ."

"ಊಟ ಆಗಿ ಅರ್ಧ ಗಂಟೆ ಆಗ್ಲಿ ಪುಟ್ಟಾ."

"ನಾನು ಊಟಾನೇ ಮಾಡಿಲ್ಲ."

"ನಾನು ಮಾಡಿದೀನಲ್ಲ."

"ನೀನೂ ಮಾಡಿಲ್ಲ. ಇದ್ದ ಎರಡು ಮೊಟ್ಟೆನೂ ಮಾಮ ತಿಂದ."

"ಲೇ," ಅಂದ ಭಾವಮೈದುನ, ಬಾಯಿ ತುಂಬ ಬ್ರೆಡ್ಡು, "ಲೆಕ್ಕ ಹಾಕೋಕೆ ನಿಮ್ಮಮ್ಮ ಒಬ್ಬಳು ಸಾಲ್ದಾ, ನೀನೂ ಶುರು ಹಚ್ಕೊಂಡ್ಯಾ?"

ಮೆಣಸು ಅವನತ್ತ ನೋಡಲೂ ಇಲ್ಲ. "ಪ್ರಾಮಿಸ್ ಮಾಡಿದ್ಯ. ಕೊನೇ ದಿನ ನಾನು ಕಟ್ಟೆ ಮೇಲಿಂದ ಹಾರ್ತೀನಿ, ನೀನು ಹಿಡೀತೀಯ ಅಂತ."

ಮಾಡಿದ್ದ. ಬೇಸಿಗೆಯ ಮೊದಲಲ್ಲಿ, ಲೋಟ ತುಂಬಿ ಹರಿಯುವ ಮುಂಚಿನ ಕಾಲದಲ್ಲಿ. ಅಲ್ಲಿಂದ ಅವಳು ವಾರಕ್ಕೆರಡು ಸಲ ಈಜು ತರಗತಿಗೆ ಹೋಗಿ, ನಾಯಿಮರಿಯಂತೆ ಐದಾರು ಸಲ ಕೈ ಬಡಿದು ತೇಲುವಷ್ಟು ಕಲಿತಿದ್ದಳು.

"ಕಿವಿ ನೋಯ್ತಿದೆ ಕಣೆ," ಅಂದ ಹೆಂಡತಿಯತ್ತ ತಿರುಗಿ.

"ಯಾವ ಕಿವಿ?"

"ಬಲ... ಎಡಗಡೆದು."

"ಯಾವುದು ಅಂತ ಮೊದ್ಲು ತೀರ್ಮಾನ ಮಾಡ್ಕೋ, ಆಮೇಲೆ ನೋಯ್ಲಿ," ಅಂದಳು ಅವಳು, ಸಣ್ಣವಳ ತಲೆಗೆ ಟೋಪಿ ಬಿಗಿಯುತ್ತ. "ಏನಾಗಿದೆ ನಿಂಗೆ? ಮಗು ಮೂರು ತಿಂಗಳಿಂದ ಕನಸು ಕಾಣ್ತಿದೆ."

ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದು, ಅಲ್ಲೇ ಕೂತು, ಅತ್ತಿತ್ತ ನೋಡಿತು. ಪಕ್ಕದ ಚಾಪೆಯವರು ಕಿತ್ತಳೆ ಸುಲಿಯುತ್ತಿದ್ದರು. ಭಾವಮೈದುನ ಎರಡನೇ ಬ್ರೆಡ್ಡಿಗೆ ಕೈ ಹಾಕಿದ್ದ. ಇಂಥ ಮಾತನ್ನು ಎಲ್ಲಿ ನಿಂತು ಹೇಳುತ್ತಾರೆ? ಹೇಳಲು ಶುರು ಮಾಡುವುದು ಯಾವ ಶಬ್ದದಿಂದ?

"ಭಾವ," ಅಂದ ಭಾವಮೈದುನ, "ನಲವತ್ತಡಿ ಗಾಡೀನ ಸಂದೀಲಿ ತಿರುಗಿಸೋ ಗಂಡಸು ನೀನು. ಇಷ್ಟು ನೀರಿಗೆ ಹೆದ್ರಿದ್ರೆ ಹೇಗೆ?"

"ಹಾಗಾದ್ರೆ ನೀನೇ ಇಳಿ."

"ನಾನಾ? ನಾನು ಪ್ಲಂಬರ್. ನೀರು ಪೈಪಿನೊಳಗೆ ಇರೋವರೆಗೂ ನಾನು ರಾಜ. ಹೊರಗೆ ಬಂತು ಅಂದ್ರೆ ನನ್ನ ಕೈ ಮೀರ್ತು ಅಂತಾನೇ ಅರ್ಥ."

ಮೆಣಸು ಅಳಲಿಲ್ಲ, ಹಟ ಮಾಡಲಿಲ್ಲ. ಅಪ್ಪನ ಬೆರಳನ್ನು ಹಿಡಿದುಕೊಂಡು ಸುಮ್ಮನೆ ನಿಂತಳು. ಅದೇ ಅವನನ್ನು ಸೋಲಿಸಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಪ್ಪತ್ತೊಂದು ದಿನದಲ್ಲಿ ಮೂರು ಸಲ. ಮೂರು ಸಲವೂ ಕೆಲವೇ ಸೆಕೆಂಡು. ದಿನಕ್ಕಿರುವ ಸಾವಿರಾರು ಸೆಕೆಂಡುಗಳಲ್ಲಿ ಸರಿಯಾಗಿ ಈ ಐದು ನಿಮಿಷದಲ್ಲೇ ಅದು ಬರಬೇಕು ಅಂತ ಏನಿದೆ? ಬಸ್ ಓಡಿಸುವಾಗಲೂ ಅವನು ಪ್ರತಿ ಬೆಳಗ್ಗೆ ಹಾಕುತ್ತಿದ್ದದ್ದು ಇದೇ ಲೆಕ್ಕ.

"ಸರಿ. ಮೂರೇ ಸಲ," ಅಂದ.

ಹೆಂಡತಿ ಎದ್ದಳು. "ಅವಳು ನಿನ್ನ ಕಡೆ. ಇವಳನ್ನ ನಾನು ನೋಡ್ಕೋತೀನಿ." ಅಷ್ಟು ಹೇಳಿ ಸಣ್ಣವಳನ್ನೆತ್ತಿಕೊಂಡು ಮಕ್ಕಳ ಕೊಳದತ್ತ ಹೋಗಿ, ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ನಡುಕೊಳಕ್ಕೆ ಬೆನ್ನು ಹಾಕಿ.

ನೀರು ಅವನು ಎಣಿಸಿದ್ದಕ್ಕಿಂತ ತಣ್ಣಗಿತ್ತು. ಕಟ್ಟೆಯಿಂದ ಒಂದು ಮಾರು ದೂರ, ನೀರು ಎದೆಯ ಮೇಲಕ್ಕೆ ಬರುವಲ್ಲಿ ಕಾಲೂರಿ ನಿಂತ. ಅವನಿಗೆ ಎದೆಮಟ್ಟ ಅಂದರೆ ಮೆಣಸಿಗೆ ತಲೆಯ ಮೇಲೆ ಒಂದು ಗೇಣು. ಎತ್ತರದ ಕುರ್ಚಿಯಲ್ಲಿ ಕೂತ ಕಾವಲುಗಾರ್ತಿ, ಮೂಗಿಗೆ ಬಿಳಿ ಕ್ರೀಮು ಬಳಿದುಕೊಂಡ ದಪ್ಪನೆಯ ಹೆಂಗಸು, ಒಂದು ಸಲ ಇವರತ್ತ ನೋಡಿ ತಲೆಯಾಡಿಸಿದಳು. ಭಾವಮೈದುನ ಕಟ್ಟೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನು ಎತ್ತಿ ಹಿಡಿದ. "ಅಕ್ಕಂಗೆ ತೋರಿಸೋಕೆ. ಅವಳಂತೂ ತಿರುಗಿ ನೋಡಲ್ಲ."

"ಅಪ್ಪಾ, ರೆಡೀನಾ?"

"ರೆಡಿ." ಅವನು ಎರಡೂ ಕೈ ಚಾಚಿದ. ಮನಸ್ಸಿನಲ್ಲಿ ಶುರುಮಾಡಿದ: ಹಾಲಿನ ಡೈರಿ, ಹಳೇ ಅಂಚೆ ಕಚೇರಿ...

ಮೊದಲ ಸಲ ಅವಳು ಹಾರುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡಳೆಂದರೆ ಅವನು ಹನ್ನೆರಡನೇ ನಿಲ್ದಾಣಕ್ಕೆ ಬಂದಿದ್ದ. ಆಮೇಲೆ ಒದ್ದೆ ಮೀನಿನಂತೆ ಅವನ ತೋಳಿಗೆ ಬಂದು ಬಿದ್ದಳು, ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲೇ ಕಿರುಚಿದಳು. ಅವಳ ಎದೆ ಹೊಡೆದುಕೊಳ್ಳುವುದು ಅವನ ಎದೆಗೆ ತಾಕಿತು. ಎರಡನೆಯ ಸಲ ಓಡಿಬಂದು ಹಾರಿದಳು. ಹಿಡಿದ. ಸರಿಯಾಗಿ, ಕಂಕುಳ ಕೆಳಗೆ, ಮುಖಕ್ಕೆ ನೀರು ತಾಗದ ಹಾಗೆ. ಕಟ್ಟೆಯ ಮೇಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಎಷ್ಟೋ ದಿನದ ಮೇಲೆ ಅವನ ಭುಜಗಳು ತಾವಾಗಿ ಕೆಳಗಿಳಿದವು. ಬಿಸಿಲು ನೀರಿನ ಮೇಲೆ ಬಿದ್ದು ಚೂರುಚೂರಾಗಿ ಕುಣಿಯುತ್ತಿತ್ತು. ಏನೂ ಆಗಿಲ್ಲ ನನಗೆ, ಅಂದುಕೊಂಡ. ನಿದ್ದೆ ಕಡಿಮೆ, ಅಷ್ಟೇ. ಆ ಡಾಕ್ಟರೂ ಕಿವಿಯಲ್ಲಿ ಕೂದಲು ಬಂದ ಮುದುಕರು, ಅವರಿಗೇನು ಗೊತ್ತು. ನಿಲ್ದಾಣಗಳನ್ನು ಹೇಳಿಕೊಳ್ಳುವುದನ್ನು ಬಿಟ್ಟ.

ಮೂರನೆಯ ಸಲ ಮೆಣಸು ಕಟ್ಟೆಯ ತುದಿಗೆ ಬಂದು ಮೂಗು ಮುಚ್ಚಿಕೊಂಡಳು. ಅವಳ ಒದ್ದೆ ಜುಟ್ಟು ಕೊಂಬಿನಂತೆ ನೆಟ್ಟಗೆ ನಿಂತಿತ್ತು. ಅವಳ ಹಿಂದಿನ ಮರದಿಂದ ಒಂದು ಹಳದಿ ಎಲೆ ಕಳಚಿಕೊಂಡು ಗಾಳಿಯಲ್ಲಿ ತಿರುಗತೊಡಗಿತು.

ಕಟ್ಟೆ ಖಾಲಿಯಾಗಿತ್ತು.

ಎಲೆ ಅವನ ಎದೆಗೆ ಅಂಟಿಕೊಂಡು ತೇಲುತ್ತಿತ್ತು. ಚಾಚಿದ ಕೈಗಳು ಚಾಚಿಕೊಂಡೇ ಇದ್ದವು, ಅವುಗಳ ನಡುವೆ ಬರೀ ನೀರು. ಎಲ್ಲಿ? ಎಲ್ಲಿ? ಅವನು ನೀರಿನೊಳಗೆ ನೋಡಿದ, ತನ್ನದೇ ಕಾಲು ಕಂಡಿತು. ಆಗ ಬೆನ್ನ ಹಿಂದಿನಿಂದ ಕೆಮ್ಮು ಕೇಳಿಸಿತು. ತಿರುಗಿದ. ಮೆಣಸು ಪಕ್ಕದ ಗೋಡೆಯ ಕಬ್ಬಿಣದ ಏಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಮೂಗಿನಲ್ಲಿ ಬಾಯಲ್ಲಿ ನೀರು ಸುರಿಸುತ್ತ, ಕೆಂಪು ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದಳು.

"ನೀನು ಹಿಡೀಲೇ ಇಲ್ಲ!"

ಅವನು ನೀರನ್ನು ಸೀಳಿಕೊಂಡು ಹೋಗಿ ಅವಳನ್ನು ಎತ್ತಿಕೊಂಡ. ಅವಳು ಮತ್ತೆ ಕೆಮ್ಮಿದಳು, ಅವನ ಭುಜಕ್ಕೆ ಗುದ್ದಿದಳು. ಆಮೇಲೆ, ಅವನಿಗೆ ಅರ್ಥವಾಗದ ಹಾಗೆ, ಅವಳ ಮುಖ ಅರಳಿತು.

"ನಾನೇ ಈಜ್ದೆ! ಅಪ್ಪಾ, ನಾನೇ ಏಣಿವರೆಗೂ ಈಜ್ದೆ! ಬೇಕೂಂತ ಬಿಟ್ಟೆ ಅಲ್ವಾ ನೀನು?"

ಭಾವಮೈದುನ ಕಟ್ಟೆಯ ಮೇಲೆ ಎದ್ದು ನಿಂತು ಕುಣಿಯುತ್ತಿದ್ದ. "ಆಹಾ, ಕಲಿಸೋದು ಅಂದ್ರೆ ಇದು ಕಣಯ್ಯಾ! ಭಾವ, ನಿನ್ನೆದೆ ಏನು ಕಲ್ಲಾ? ನನಗಂತೂ ಜೀವಾನೇ ಬಾಯಿಗೆ ಬಂದಿತ್ತು." ಕಾವಲುಗಾರ್ತಿ ಕುರ್ಚಿಯಿಂದಿಳಿದು ಅರ್ಧ ದಾರಿ ಓಡಿಬಂದವಳು ನಿಂತು, ಸೊಂಟದ ಮೇಲೆ ಕೈಯಿಟ್ಟಳು. "ಇಂಥದ್ದೆಲ್ಲಾ ಮಾಡೋದಾದ್ರೆ ನನಗೊಂದು ಮಾತು ಹೇಳಿ ಮಾಡಿ ಸಾರ್. ನನ್ನ ಎದೇನೇ ನಿಂತ್ಹೋಗಿತ್ತು. ಆದ್ರೂ," ಅಂದಳು ದನಿ ಇಳಿಸಿ, "ಒಳ್ಳೆ ಧೈರ್ಯ ಬಿಡಿ ನಿಮಗೆ."

ಅವನು ಏಣಿ ಹಿಡಿದು ಮೇಲೆ ಬಂದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಎಲ್ಲರೂ ತಾವೇ ಉತ್ತರ ಕೊಟ್ಟುಕೊಂಡು ಅದನ್ನು ಅವನ ಕೈಗಿಟ್ಟಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇವತ್ತಿನಿಂದ ಅವನು ಮಗಳಿಗೆ ಈಜು ಕಲಿಸಿದ ಗಟ್ಟಿಗ.

"ನೋಡು ಭಾವ, ನೋಡು," ಅಂತ ಭಾವಮೈದುನ ಫೋನನ್ನು ಅವನ ಮುಖಕ್ಕೆ ಹಿಡಿದ.

ಅವನು ನೋಡಿದ. ಚಿತ್ರದಲ್ಲಿ ಅವನು ನೀರಿನಲ್ಲಿ ನಿಂತಿದ್ದ. ಕೈ ಚಾಚಿತ್ತು. ಕಣ್ಣು ತೆರೆದಿತ್ತು. ಮೆಣಸು ಹಾರಿದಳು, ಅವನ ಬಲಗೈಯ ಬೆರಳಿಗೆ ಅವಳ ಮೊಣಕೈ ತಾಗಿತು, ಬೆರಳು ಮಡಚಲಿಲ್ಲ. ಅವಳು ಮುಳುಗಿದಳು. ಅವನ ಮುಖದ ಮೇಲೆ ನೀರು ಸಿಡಿಯಿತು, ರೆಪ್ಪೆ ಬಡಿಯಲಿಲ್ಲ. ಅವಳ ತಲೆ ಮೇಲೆ ಬಂತು, ಬಾಯಿ ತೆರೆದಿತ್ತು, ಮತ್ತೆ ಮುಳುಗಿತು. ಒಂದು ಕೈ ಅವನ ಪಕ್ಕೆಯನ್ನು ತಡವಿ ಜಾರಿತು. ಆಮೇಲೆ ಅವಳು ಹೇಗೋ ಕೈ ಬಡಿಯುತ್ತ ಅವನನ್ನು ಸುತ್ತಿ ಹಿಂದಕ್ಕೆ ಹೋದಳು. ಅಷ್ಟೂ ಹೊತ್ತು ಆ ಮುಖ ಖಾಲಿ ಕಟ್ಟೆಯನ್ನೇ ನೋಡುತ್ತಿತ್ತು. ಅದರಲ್ಲಿ ಭಯವಿರಲಿಲ್ಲ, ನೋವಿರಲಿಲ್ಲ. ಒಳಗೆ ದೀಪ ಉರಿಯುತ್ತಿದ್ದು ಯಾರೂ ವಾಸವಿಲ್ಲದ ಮನೆಯ ಹಾಗಿತ್ತು. ತಾನಿಲ್ಲದಾಗ ತನ್ನ ಮುಖ ಹೇಗಿರುತ್ತದೆ ಎಂದು ಅವನು ಈವರೆಗೆ ನೋಡಿರಲಿಲ್ಲ.

"ನೋಡು, ಎಷ್ಟು ಗಟ್ಟಿ ಗುಂಡಿಗೆ! ಅಲುಗಾಡಿದ್ದೇ ಇಲ್ಲ," ಅಂದ ಭಾವಮೈದುನ.

ಚಿತ್ರದ ಕೆಳಗೆ ಅಂಕಿಗಳು ಓಡುತ್ತಿದ್ದವು. "ಇನ್ನೊಂದ್ಸಲ ಹಾಕು," ಅಂದ ಡ್ರೈವರ್. ಭಾವಮೈದುನ ಖುಷಿಯಿಂದ ಹಾಕಿದ. ಅವಳು ಹಾರಿದಾಗ ಹದಿನಾಲ್ಕು. ಅವನ ತಲೆ ಅಲುಗಿದಾಗ ಇಪ್ಪತ್ತಮೂರು.

ಒಂಬತ್ತು. ತರಬೇತಿಯ ಮೊದಲ ವಾರದಲ್ಲೇ ಬಾಯಿಪಾಠ ಮಾಡಿಸುತ್ತಾರೆ: ನಲವತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರು ಹೋಗುತ್ತದೆ. ಒಂಬತ್ತು ಸೆಕೆಂಡಿಗೆ ನೂರು ಮೀಟರು. ಹೆಣ್ಣುಮಕ್ಕಳ ಶಾಲೆಯ ಗೇಟಿನಿಂದ ರಸ್ತೆ ದಾಟುವ ಬಿಳಿ ಪಟ್ಟೆಯವರೆಗೆ ಸರಿಯಾಗಿ ಅಷ್ಟೇ ದೂರ. ಬೆಳಗ್ಗೆ ಎಂಟರ ಟ್ರಿಪ್ಪಿನಲ್ಲಿ ಆ ಪಟ್ಟೆಯ ಮೇಲೆ ಎಷ್ಟು ಮಕ್ಕಳಿರುತ್ತಾರೆ ಅಂತ ಅವನಿಗೆ ಗೊತ್ತು. ಅವರು ಬಸ್ಸಿನತ್ತ ನೋಡುವುದೂ ಇಲ್ಲ. ಡ್ರೈವರ್ ನೋಡುತ್ತಿದ್ದಾನೆ ಅಂದುಕೊಂಡು ಹರಟುತ್ತ ದಾಟುತ್ತಾರೆ.

"ಅಪ್ಪಾ, ಇನ್ನೊಂದ್ಸಲ!" ಮೆಣಸು ಅವನ ಕೈ ಎಳೆಯುತ್ತಿದ್ದಳು. ತುಟಿ ನೀಲಿಯಾಗಿತ್ತು, ಕಣ್ಣು ಮಿಂಚುತ್ತಿತ್ತು. "ಈ ಸಲ ಹಿಡೀತೀಯೋ ಬಿಡ್ತೀಯೋ? ಹೇಳ್ಬೇಡ, ಹೇಳ್ಬೇಡ. ಹೇಗಿದ್ರೂ ನೀನು ಅಲ್ಲೇ ಇರ್ತೀಯಲ್ಲ."

ಅವನು ಕೂತು ಅವಳಿಗೆ ಟವೆಲು ಸುತ್ತಿದ. "ಇಲ್ಲ ಮಗಳೇ. ಇನ್ನು ಇಲ್ಲ. ಮಾಮನ ಹತ್ರ ಕೂತ್ಕೋ, ನೀರಿನ ಹತ್ರ ಹೋಗ್ಕೂಡ್ದು." ಭಾವಮೈದುನನ ಕಡೆ ತಿರುಗಿ, "ಇವಳ ಕೈ ಬಿಡ್ಬೇಡ. ಬಿಟ್ರೆ ನಿನ್ನ ಕಾಲು ಮುರೀತೀನಿ," ಅಂದ. ಆ ದನಿಯಲ್ಲಿ ಏನಿತ್ತೋ, ಭಾವಮೈದುನನ ನಗು ಅರ್ಧಕ್ಕೇ ನಿಂತಿತು. ಡ್ರೈವರ್ ಅವನ ಕೈಯಿಂದ ಫೋನು ತೆಗೆದುಕೊಂಡು ಮಕ್ಕಳ ಕೊಳದತ್ತ ನಡೆದ.

ಮೂವತ್ತು ಹೆಜ್ಜೆಯಿರಬಹುದು. ಹೆಂಡತಿಯ ಬೆನ್ನು ಹತ್ತಿರವಾಗುತ್ತ ಬಂತು. ಈ ಗದ್ದಲದಲ್ಲೂ ಅವಳು ಒಂದು ಸಲವೂ ತಿರುಗಿರಲಿಲ್ಲ. ನೀರಿನಲ್ಲಿ ಪ್ಲಾಸ್ಟಿಕ್ ಬಟ್ಟಲು ಮುಳುಗಿಸಿ ಎತ್ತುವ ಸಣ್ಣವಳ ಮೇಲೇ ಅವಳ ಕಣ್ಣು.

"ಕಂಡಕ್ಟರ್," ಅಂದ. ಮನೆಯಲ್ಲಿ ಈಗಲೂ ಅವನು ಹಾಗೇ ಕರೆಯುವುದು.

"ಏನು, ಮುಗೀತಾ? ಹಾರಿದ್ಲಾ?"

"ಇದನ್ನ ನೋಡು."

ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ಒಂದು ಕಣ್ಣು ಸಣ್ಣವಳ ಮೇಲೆ, ಒಂದು ಕಣ್ಣು ಫೋನಿನ ಮೇಲೆ. ಆಮೇಲೆ ಎರಡೂ ಫೋನಿನ ಮೇಲೆ. ಮುಗಿದ ಮೇಲೆ ಅವಳು ಹೊಗಳಲಿಲ್ಲ, ಬೈಯಲೂ ಇಲ್ಲ. ಬಗ್ಗಿ ಸಣ್ಣವಳನ್ನು ನೀರಿನಿಂದೆತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು.

"ಇದೇನಿದು ನಿನ್ನ ಮುಖ?"

ಅವನು ಅವಳ ಪಕ್ಕದಲ್ಲಿ ಕೂತ. ಎಲ್ಲಿಂದ ಶುರು ಮಾಡುವುದು ಅಂತ ಮೂರು ವಾರ ಹುಡುಕಿದ್ದ. ಕೊನೆಗೆ ಶುರುವಾದದ್ದು ಲೋಟದಿಂದ. ಲೋಟ, ಸಿಗ್ನಲ್ಲು, ತಪ್ಪಿದ ನಿಲ್ದಾಣ, ಡಾಕ್ಟರು, ಗುಮಾಸ್ತ ಅಂದ ಸುಳ್ಳು. ಸಣ್ಣವಳು ಬಟ್ಟಲಿಗಾಗಿ ಕೊಸರಾಡುತ್ತಿದ್ದಳು, ಹೆಂಡತಿ ಬಿಡಲಿಲ್ಲ.

"ಡಾಕ್ಟರು ಹೇಳಿ ಎಷ್ಟು ದಿನ ಆಯ್ತು?"

"ಹನ್ನೊಂದು."

"ಸ್ಕೂಲು ಶುರುವಾಯ್ತು ಅಂತ ಮಂಗಳವಾರ ಮೆಣಸನ್ನ ನಿನ್ನ ಗಾಡೀಲೇ ಕಳಿಸಿದೆ. ಮುಂದಿನ ಸೀಟಲ್ಲಿ ಕೂರ್ಸಿ." ಅವಳ ದನಿ ಸಣ್ಣಗಿತ್ತು. "ಗುರುವಾರ ನಾನೂ ಹತ್ತಿದೆ, ಇವಳನ್ನ ಎತ್ಕೊಂಡು. ನಿಂತ್ಕೊಂಡು ನಿದ್ದೆ ಹೊಡೆದೆ ನಾನು ಅವತ್ತು, ಕಂಬಕ್ಕೆ ಒರಗಿ. ನೀನು ಓಡಿಸ್ತಿದೀಯ ಅಂತ."

"ಗೊತ್ತು."

"ಏನು ಗೊತ್ತು ನಿಂಗೆ?" ಅವಳು ಮೊದಲ ಸಲ ಅವನತ್ತ ಪೂರ್ತಿ ತಿರುಗಿದಳು. "ಇಷ್ಟು ವರ್ಷ ನಾನು ನಿನ್ನ ಕಡೆ ಬೆನ್ನು ಮಾಡಿ ನಿಂತಿದೀನಿ. ಬೆನ್ನು ಮಾಡಿ! ಯಾಕೆ ಅಂದ್ಕೊಂಡೆ? ಸೊಕ್ಕು ಅಂತಲಾ? ಮುಂದೆ ಯಾರೋ ಇದಾನೆ ಅಂತ."

ಪಕ್ಕದಲ್ಲಿ ಮಗುವಿಗೆ ನೀರು ಎರಚುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ ನೋಡಿ, ಮತ್ತೆ ನೋಡದವರಂತೆ ಎರಚತೊಡಗಿದರು. ಹೆದರಿಕೆಯಾಗಿತ್ತು ಅನ್ನಬಹುದಿತ್ತು. ಆದರೆ ಹೆದರಿಕೆ ಅವನೊಬ್ಬನ ಪಾಲಿಗೆ ಬಂದಿತ್ತು, ಅಪಾಯವನ್ನು ಅವನು ಊರಿಗೆಲ್ಲ ಹಂಚಿದ್ದ.

"ನಾಳೆ ಮೊದಲ ಗಾಡಿ ಯಾರದು?" ಅವಳು ಕೇಳಿದಳು.

"ನಂದೇ."

ಅವಳು ಫೋನನ್ನು ಅವನ ಕೈಗೆ ಕೊಡಲು ಚಾಚಿ, ಇದು ತಮ್ಮನದು ಅಂತ ನೆನಪಾಗಿ, ಚೀಲದಿಂದ ತನ್ನದನ್ನು ತೆಗೆದಳು. ಡಿಪೋದ ನಂಬರು ಒತ್ತಿ ಕಿವಿಗೆ ಹಿಡಿದಳು. ಎರಡು ಸಲ ರಿಂಗಾದದ್ದು ಅವನಿಗೂ ಕೇಳಿಸಿತು. ಅವಳೇ ಹೇಳಿಬಿಡುತ್ತಾಳೆ ಅಂದುಕೊಂಡ. ಒಂದು ಕ್ಷಣ ಹಾಗೇ ಆಗಲಿ ಅಂತ ಆಸೆಪಟ್ಟ ಕೂಡ. ಅವಳು ಫೋನನ್ನು ಅವನತ್ತ ಚಾಚಿದಳು.

"ನೀನೇ ಹೇಳ್ಬೇಕು."

ಆ ಕಡೆ ಡಿಪೋದ ಡ್ಯೂಟಿ ಗುಮಾಸ್ತ. ಯಾರಿಗೆ ಯಾವ ಗಾಡಿ ಅಂತ ದೊಡ್ಡ ಪುಸ್ತಕದಲ್ಲಿ ಬರೆಯುವವನು, ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಸವೆದವನು. ಇವನ ಹಲೋ ಕೇಳಿಯೇ ದನಿಯ ಗುರುತು ಹಿಡಿದ. "ಓಹೋ, ನೀನಾ! ರಜೆ ಕೇಳ್ಬೇಡಪ್ಪಾ, ಕಾಲಿಗೆ ಬೀಳ್ತೀನಿ. ನಾಳೆಗೆ ಮೂರು ಜನ ಆಗ್ಲೇ ಕೈ ಎತ್ತಿದಾರೆ."

"ನಾಳೆ ನಾನು ಗಾಡಿ ತೆಗಿಯಲ್ಲ."

"ಹೋಯ್ತು. ಜ್ವರನಾ? ಜ್ವರ ಅಂತ ಬರ್ಕೋತೀನಿ. ಎರಡು ದಿನ ಸಾಕಾ?"

ಎಷ್ಟು ಸುಲಭವಾಗಿ ಬಂತು ಅದು. ಎರಡು ದಿನದ ಜ್ವರ. ಎರಡು ದಿನದಲ್ಲಿ ಪರೀಕ್ಷೆ ಮಾಡಿಸಬಹುದು, ಯಾರಿಗೂ ತಿಳಿಯುವುದಿಲ್ಲ, ಪುಸ್ತಕದಲ್ಲಿ ಜ್ವರ ಅಂತ ಮಾತ್ರ ಇರುತ್ತದೆ. ಹೆಂಡತಿಗೆ ಆ ಕಡೆಯ ಮಾತು ಕೇಳಿಸಿರಬಹುದು, ಕೇಳಿಸದೆಯೂ ಇರಬಹುದು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ, ಇನ್ನು ಮುಂದೆ ಹಾಗೇ ನೋಡುತ್ತಿರುತ್ತೇನೆ ಎನ್ನುವಂತೆ.

"ಜ್ವರ ಅಲ್ಲ," ಅಂದ. "ನನಗೆ ಎಚ್ಚರ ತಪ್ತಿದೆ. ಕಣ್ಣು ಬಿಟ್ಕೊಂಡೇ. ಗಾಡಿ ಓಡ್ಸುವಾಗಲೂ ಆಗಿದೆ."

ಫೋನಿನ ಆ ಕಡೆಯಿಂದ ಬಸ್ ತೊಳೆಯುವ ನೀರಿನ ಶಬ್ದ, ಯಾರೋ ಯಾರನ್ನೋ ಕರೆಯುವುದು. ಗುಮಾಸ್ತ ಮತ್ತೆ ಮಾತಾಡಿದಾಗ ತಮಾಷೆ ಹೋಗಿತ್ತು.

"ಹೀಗಂತಾನೇ ಬರೀಬೇಕೇನೋ? ಯೋಚ್ನೆ ಮಾಡು. ಈ ಪುಸ್ತಕದಲ್ಲಿ ಒಂದ್ಸಲ ಬರೆದ್ರೆ ಅಳಿಸೋಕಾಗಲ್ಲ. ಮತ್ತೆ ಸ್ಟೀರಿಂಗ್ ಕೊಡೋದು ಬಿಡೋದು ನನ್ನ ಕೈಲಿರಲ್ಲ."

"ಬರಿ."

"ನಿನ್ನ ಮಾತಲ್ಲೇ ಬರ್ಕೋಬೇಕು, ಹಾಗೆ ಇದೆ ರೂಲು. ತಡಿ, ಪೆನ್ನು..." ಕಾಗದ ಮಗುಚುವ ಸದ್ದು. "ಹೂಂ, ಹೇಳು. ನಿಧಾನಕ್ಕೆ ಹೇಳು, ನನ್ನ ಕೈ ಓಡಲ್ಲ."

ಡ್ರೈವರ್ ತಲೆಯಿಂದ ಇಳಿಯುತ್ತಿದ್ದ ನೀರನ್ನು ಅಂಗೈಯಿಂದ ಒರೆಸಿಕೊಂಡ. ಹೆಂಡತಿ ಸಣ್ಣವಳನ್ನು ಇನ್ನೊಂದು ತೊಡೆಗೆ ಬದಲಾಯಿಸಿ ಅವನಿಗೆ ಜಾಗ ಮಾಡಿಕೊಟ್ಟಳೋ, ಇಲ್ಲ ಅವನಿಂದ ದೂರ ಸರಿದಳೋ, ತಿಳಿಯಲಿಲ್ಲ.

"ಇದೇ ತಿಂಗಳು," ಅಂತ ಶುರು ಮಾಡಿದ ಅವನು, ಒಂದೊಂದೇ ಮಾತು ಬಿಡಿಸಿ, "ಮೂರನೇ ತಾರೀಕು, ಬೆಳಗ್ಗೆ..." ಅಂದು ನಿಲ್ಲಿಸಿ, ಆ ಕಡೆಯವನ ಪೆನ್ನು ತನ್ನ ಜೊತೆಗೆ ಬಂದು ಸೇರುವವರೆಗೆ ಕಾದ.